ಹೊತ್ತದ್ದೆಲ್ಲಾ ತನ್ನದೆನ್ನುತ್ತಿದ್ದ ಹಮಾಲ

ಜೋರಾಪುರ ಪೇಟೆಯ ಕಿರಾಣಿ ಅಂಗಡಿಗೆ ಪೆಟ್ಟಿಗೆ ಹೊರುತ್ತಿದ್ದ ಹಮಾಲನೊಬ್ಬನಿದ್ದ. ಸಾಬೂನಿರಲಿ, ಚಹಾಪುಡಿಯಿರಲಿ, ಟವೆಲ್ಲಿನಿಂದ ಧೂಳು ಒರೆಸಿ, "ನಮ್ಮ ಕಂಪನಿ ಮಾಲ್ ಐತ್ರಿ" ಎನ್ನುತ್ತಿದ್ದ. "ನಿನಗ ಎಷ್ಟ ಕಂಪನಿ ಅದಾವಲೇ?" ಎಂದು ಜನ ನಗುತ್ತಿದ್ದರು.

ನನ್ನ ಮೊದಲ ಮೊಮ್ಮಗಳು, ನನ್ನ ಬಂಗಾರ, ಹುಟ್ಟಿದಾಗ ಮಗಳಿಗೆ ಎದೆಹಾಲು ಬರಲಿಲ್ಲ. ಆ ಅಂಗಡಿಯಿಂದಲೇ ಡಬ್ಬಿಯ ಹಾಲುಪುಡಿ ತಂದೆ. ತಂದ ದಿನವೇ, ಆ ಪುಡಿ ಕುಡಿದ ಪಕ್ಕದ ಓಣಿಯ ಕೂಸಿಗೆ ವಾಂತಿ ಹತ್ತಿದೆಯೆಂದು ಸುದ್ದಿ ಬಂತು. ನಮ್ಮ ಕೂಸು ಹಸಿದು ಅಳುತ್ತಿತ್ತು. ಕುಡಿಸಲೂ ಭಯ, ಬಿಡಲೂ ಭಯ. ಡಬ್ಬಿ ಹಿಡಿದು ಅಂಗಡಿಗೆ ಓಡಿದೆ.

ಅಲ್ಲಿ ಅದೇ ಪುಡಿಯ ಜಗಳ ನಡೆದಿತ್ತು. "ನಾನೂ ನಿಮ್ಮಂಗ ಗಿರಾಕಿನ ಅದೀನ್ರಿ. ನನ್ನ ಮಗಾನೂ ಇದನ್ನ ಕುಡಿತಾನ, ಏನೂ ಆಗಿಲ್ಲ" ಎಂದು ಇಸ್ತ್ರಿ ಅಂಗಿಯವನೊಬ್ಬ ಒದರುತ್ತಿದ್ದ. ನನಗೆ ಹೋದ ಜೀವ ಬಂದಂತಾಯಿತು.

ಹಮಾಲ ಪೆಟ್ಟಿಗೆ ಕೆಳಗಿಟ್ಟ. "ಎಲ್ಲೀ ಗಿರಾಕಿರಿ ಸಾಹೇಬ್ರ? ನಿನ್ನಿ ಮಾಲ್ ಇಳಸೂವಾಗ ಕಂಪನಿ ಕಡಿಂದ ಸಹಿ ಮಾಡಿದಾವ್ರು ನೀವ ಅಲ್ಲೇನು?"

ಅಂಗಿಯವನು ಜನರ ನಡುವಿನಿಂದ ಜಾರಿಕೊಂಡ. "ಯಪ್ಪಾ, ನೀನೂ ಕಂಪನಿಯಾಂವನ ಏನು?" ಎಂದೆ.

"ಇಲ್ಲಬೇ ಯವ್ವಾ. ಹೊತ್ತದ್ದೆಲ್ಲಾ ನಮ್ಮದು ಅಂತೇನಿ, ಅಷ್ಟ." ನನ್ನ ಡಬ್ಬಿ ತಿರುವಿ, ತಳದ ತುಕ್ಕಿಗೆ ಉಗುರು ಒತ್ತಿದ. ಉಗುರು ಒಳಗೇ ಹೋಯಿತು. "ಇದು ನಮ್ಮದಲ್ಲ. ನನ್ನ ಸೊಸಿ ಬಾಣಂತಿ ಅದಾಳ, ಕೂಸಿನ್ನ ತಗೊಂಡ ಬಾ."

ಅವನ ಸೊಸೆಯ ತೊಡೆಯ ಮೇಲೆ ನನ್ನ ಬಂಗಾರ ಗಟಗಟ ಕುಡಿಯಿತು. ಅವನು ಹೊಸ್ತಿಲಾಚೆ ನಮಗೆ ಬೆನ್ನು ಹಾಕಿ ನಿಂತು, "ಕುಡದ್ಳೇನಬೇ?" ಎಂದು ಕೇಳಿದ. ನಾನು ಹೂಂ ಎನ್ನುವ ಮೊದಲೇ ಮತ್ತೆ ಕೇಳಿದ.