ನೀರಗಂಟಿ ಕಂಡ ಕೋಳಿ

ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆಂದು ಹೋದ ತಿಂಗಳು ಕೆಳಗಿಳಿಸಿದೆ. ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಇಷ್ಟು ಕಷ್ಟಪಟ್ಟ ಮೇಲೆ ಒಂದು ಸಲ ಹಾಕಿಯಾದರೂ ನೋಡೋಣ ಎಂದು ಪ್ಲಗ್ಗು ಚುಚ್ಚಿ, ಹೊಗೆ ಬಂದೀತೆಂದು ದೂರ ನಿಂತೆ. ಬರಲಿಲ್ಲ. ಒಂದಷ್ಟು ಹೊತ್ತು ಕರಕರ ಗೊಣಗಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸಿತು. ಅಬ್ಬಾ, ಮೂವತ್ತು ವರ್ಷದ ಮೇಲೆ! ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆಗ ನಾನು ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆ ಕೋಣೆಯೊಂದರಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಮೂರು ಮಷೀನು, ಅಟ್ಟದ ಮೇಲಿದ್ದದ್ದು ಅವುಗಳಲ್ಲೊಂದು. ಕಲಿಯುವವರು ಹನ್ನೆರಡು ಮಂದಿ. ನನಗೆ ಮೂಗಿನ ತುದಿಯಲ್ಲೇ ಕೋಪ. ಹೆಣ್ಣುಮಗಳು, ಅದರಲ್ಲೂ ಚಿಕ್ಕ ವಯಸ್ಸಿನವಳು, ಗದರದಿದ್ದರೆ ಯಾರೂ ಮಾತು ಕೇಳುವುದಿಲ್ಲ ಎಂದುಕೊಂಡಿದ್ದೆ. ಹಾಗಾಗಿ ಬೇಕಾದ್ದಕ್ಕೂ ಗದರುತ್ತಿದ್ದೆ, ಬೇಡದ್ದಕ್ಕೂ ಗದರುತ್ತಿದ್ದೆ.

ಯಾರೋ ಕೊಟ್ಟ ಫ್ಲಾಪಿಯಲ್ಲಿ ಒಂದು ಆಟ ಬಂದಿತ್ತು. ಬರೆದವರು ಯಾರೋ ಗೊತ್ತಿಲ್ಲ. ಇದರ ಮೇಲೆ ಯಾರಿಗೂ ಹಕ್ಕಿಲ್ಲ, ನಕಲು ಮಾಡಿ ಹಂಚಿಕೊಳ್ಳಿ ಎಂದು ಶುರುವಿನಲ್ಲೇ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಪರದೆ ತುಂಬ ಓಣಿಯೊಳಗೆ ಓಣಿ. ನಗುಮುಖದ ಪುಟ್ಟ ಗುರುತೊಂದನ್ನು ಅದರೊಳಗೆ ನಡೆಸಿ ಆಚೆ ದಾಟಿಸಬೇಕು. ಕೈಯಲ್ಲಿ ಮೂವತ್ತು ಕಲ್ಲು ಕೊಡುತ್ತಿತ್ತು. ಯಾತಕ್ಕೆಂದು ಮಾತ್ರ ಹೇಳುತ್ತಿರಲಿಲ್ಲ. ಮುಚ್ಚಿದ ಓಣಿಗೆ ಎರಡನೇ ಸಲ ನುಗ್ಗಿದರೆ ‘ಮತ್ತೆ ನೀನೇನಾ?’ ಎಂದು ಬೈಯುತ್ತಿತ್ತು. ಆಟವಾಡಲು ಕೂತರೆ ಅದರ ಕೈಲೂ ಬೈಸಿಕೊಳ್ಳಬೇಕೇ ಎಂದು ನನಗೆ ಮೈ ಉರಿಯುತ್ತಿತ್ತು.

ನಡೆದ ದಾರಿಯ ಗುರುತಿಗೆ ಕಲ್ಲಿಡುತ್ತಾ ಹೋಗುತ್ತಿದ್ದೆ. ಅರ್ಧ ದಾರಿಗೇ ಕಲ್ಲು ಮುಗಿದು, ಇದ್ದಲ್ಲೇ ಸುತ್ತುತ್ತಿದ್ದೆ. ಒಂದು ವರ್ಷ ಹೀಗೇ ತಲೆ ಕೆರೆದುಕೊಂಡು, ಕೊನೆಗೆ ‘ಇದಕ್ಕೆ ಬಾಗಿಲೇ ಇಲ್ಲ, ಯಾರೋ ಕೆಲಸವಿಲ್ಲದವರು ತಮಾಷೆಗೆ ಮಾಡಿದ್ದು’ ಎಂದು ಇಡೀ ಕ್ಲಾಸಿಗೆ ತೀರ್ಪು ಕೊಟ್ಟೆ. ನನ್ನ ಕೈಲಾಗಲಿಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಬೆಳಗೊಳದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತುಂಬ ಸಾಧು. ಅವಳನ್ನು ಸಂಜೆ ಕರೆದುಕೊಂಡು ಹೋಗಲು ಅವಳಪ್ಪ ಬರುತ್ತಿದ್ದರು. ಊರಿನ ನೀರಗಂಟಿ. ಕಾಲುವೆ ನೀರು ಇವತ್ತು ಯಾರ ಗದ್ದೆಗೆ, ಎಷ್ಟು ಹೊತ್ತು ಎಂದು ನೋಡಿ ಬಿಡುವ ಕೆಲಸ. ‘ನಿಂದಾಯ್ತು, ಕಟ್ಟು’ ಎಂದು ಅವರು ಹೇಳಿದರೆ ಎಂಥ ಜಗಳಗಂಟನೂ ತನ್ನ ಗದ್ದೆಗೆ ನೀರು ಬರುವ ಬಾಯಿಯನ್ನು ಮಣ್ಣು ಹಾಕಿ ಮುಚ್ಚುತ್ತಿದ್ದನಂತೆ. ಅವರ ಬಂಡವಾಳವೆಲ್ಲ ಆ ಮಾತೊಂದೇ. ಮಗಳ ಕೆಲಸ ಮುಗಿಯುವವರೆಗೆ ಪಕ್ಕದ ಮಷೀನಿನ ಮುಂದೆ ಕೂತು, ಒಂದೇ ಬೆರಳಲ್ಲಿ ಗುಂಡಿ ಒತ್ತುತ್ತಾ ಆ ಆಟ ಆಡುತ್ತಿದ್ದರು. ನಾನೂ ಸುಮ್ಮನಿದ್ದೆ.

ಒಂದು ಸಂಜೆ ನಾನು ಜೆರಾಕ್ಸ್ ಮಾಡಿಸಲು ಹೋಗಿ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಅವರು ಎದ್ದು ನಿಂತಿದ್ದರು. ಮುಖವೆಲ್ಲ ನಗು.

“ಮೇಡಮ್ನೋರೆ, ಆಚ್ಕೆ ಬಂದ್ಬುಟ್ಟೆ! ಈಗ್ಲೇ! ಅಲ್ಲೊಂದು ಕೋಳಿ ಐತೆ ಕಣವ್ವ. ಬಂತು, ಮೊಟ್ಟೆ ಇಕ್ತು, ಒಂಟೋಯ್ತು. ಆಮ್ಯಾಕೆ ಕರೆಂಟು ಓಯ್ತು.”

ಕ್ಲಾಸಿಗೆ ಕ್ಲಾಸೇ ಘೊಳ್ಳೆಂದಿತು. ಬಾಗಿಲೇ ಇಲ್ಲವೆಂದು ನಾನು ಹೇಳಿದ ಆಟ. ಅದರಾಚೆ ಕೋಳಿಯಂತೆ, ಮೊಟ್ಟೆಯಂತೆ! ಅವರು ಇನ್ನೂ ಹೇಳುತ್ತಲೇ ಇದ್ದರು: “ನೀರು ಓಗ್ಬಾರದ ಕಡೆ ಮೊದ್ಲು ಬಾಯಿ ಕಟ್ಬೇಕು ಕಣವ್ವ, ಆಮ್ಯಾಕೆ ನೀರು ತಾನೇ ದಾರಿ ಇಡ್ಕತದೆ...”

“ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡ್ವೇನ್ರೀ, ಯಜಮಾನ್ರೇ? ಮಕ್ಕಳ ಮುಂದೆ!” ಎಂದೆ.

ನಗು ನಿಂತುಹೋಯಿತು. ಪಕ್ಕದಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು. ಅವರು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡು ಹೊರಗೆ ಹೋದರು. ಮಾರನೆಯ ದಿನದಿಂದ ಒಳಗೆ ಬರಲಿಲ್ಲ. ಮಳೆ ಬಂದರೂ ರಸ್ತೆಯಾಚೆಯೇ ನಿಂತಿರುತ್ತಿದ್ದರು. ಕೋರ್ಸು ಮುಗಿಯಿತು, ಹುಡುಗಿ ಹೋದಳು. ನಾನು ಮರೆತೆ.

ಹೋದ ತಿಂಗಳು ಆ ಆಟ ಮತ್ತೆ ತೆರೆದುಕೊಂಡಾಗ ಅಭ್ಯಾಸಬಲದಿಂದ ದಾರಿಯುದ್ದಕ್ಕೂ ಕಲ್ಲಿಟ್ಟೆ. ‘ಮತ್ತೆ ನೀನೇನಾ?’ ಎಂದು ಬೈಸಿಕೊಂಡೆ. ನಾಲ್ಕನೇ ಸಲಕ್ಕೆ, ಎಲ್ಲಿತ್ತೋ ಏನೋ, ಅವರ ಮಾತು ನೆನಪಾಯಿತು. ದಾರಿ ಹುಡುಕುವುದನ್ನು ಬಿಟ್ಟು, ಮುಚ್ಚಿದ ಓಣಿಗಳ ಬಾಯಿಗೆ ಒಂದೊಂದೇ ಕಲ್ಲಿಟ್ಟೆ. ಕಟ್ಟುತ್ತಾ ಕಟ್ಟುತ್ತಾ ಉಳಿದದ್ದು ಒಂದೇ ದಾರಿ. ಅದರಲ್ಲಿ ನಡೆದೆ. ಗೋಡೆ ತೆರೆದುಕೊಂಡಿತು. ಬಯಲು. ಎಡಗಡೆಯಿಂದ ಅಕ್ಷರಗಳಲ್ಲೇ ಬಿಡಿಸಿದ ಒಂದು ಕೋಳಿ ಬಂತು. ನಡುವೆ ನಿಂತಿತು. ಮೊಟ್ಟೆ ಇಟ್ಟು ಹೋಯಿತು.

ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು. ಇಡೀ ಊರು ನಂಬುತ್ತಿದ್ದ ಮನುಷ್ಯನನ್ನು, ಹೆತ್ತ ಮಗಳ ಮುಂದೆ, ಸುಳ್ಳುಗಾರ ಎಂದಿದ್ದೆನಲ್ಲ. ಬದುಕಿದ್ದಾರೋ ಇಲ್ಲವೋ ಎಂಬುದೂ ಗೊತ್ತಿಲ್ಲದೆ ಮರುದಿನವೇ ಬೆಳಗೊಳದ ಬಸ್ಸು ಹತ್ತಿದೆ. ಹಳೇ ನೀರಗಂಟಿ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ತೋರಿಸಿದರು.

ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಡಕಲಾಗಿದ್ದರು, ಗುರುತು ಮಾತ್ರ ತಕ್ಷಣ ಹಿಡಿದರು. ನಿಂತ ಕಾಲಿನಲ್ಲೇ ಹೇಳಿದೆ, “ಯಜಮಾನ್ರೇ, ಕೋಳಿ ನೋಡ್ದೆ. ನಿನ್ನೆ. ನೀವು ಹೇಳಿದ್ದೇ ನಿಜ. ತಪ್ಪಾಯ್ತು.”

ಅವರು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಮುಗಿಸಿದರು.

“ನಿಜ ಅಂತ ನಂಗೊತ್ತಿತ್ತಲ್ಲವ್ವ. ಅದ್ನ ನಂಗೆ ಏಳಕ್ಕೆ ಇಷ್ಟು ದೂರ ಬಂದ್ಯಾ? ನನ್ ಮಗಳಿಗೇಳು. ಅವತ್ತು ಬಸ್ಸಲ್ಲಿ ನನ್ ಪಕ್ಕ ಕೂರ್ನಿಲ್ಲ ಅವಳು. ನಾಳಿಂದ ಒಳಿಕ್ಕೆ ಬರಬ್ಯಾಡ ಕಣಪ್ಪ ಅಂದ್ಲು. ಊರೆಲ್ಲ ನನ್ ಮಾತ್ ನಂಬ್ತಿತ್ತು. ಆ ಮಗ ಒಂದು ನಂಬ್ನಿಲ್ವಲ್ಲ ಅಂತ...” ಮತ್ತೊಂದು ಕಾಯಿ ಕೈಗೆತ್ತಿಕೊಂಡರು.

ಮಗಳು ಈಗ ನಾಗಮಂಗಲದಲ್ಲಿ ಹೈಸ್ಕೂಲ್ ಟೀಚರು. ಅವರೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ನಮ್ಮಿಬ್ಬರ ನಡುವೆ ಇಟ್ಟರು. ನಾನು ಯಾರೆಂದು ಹೇಳಿದೆ. ಆಟ ಮತ್ತೆ ಸಿಕ್ಕಿದ್ದು ಹೇಳಿದೆ. “ನಿಮ್ಮಪ್ಪ ಅವತ್ತು ಹೇಳಿದ್ದು ಸುಳ್ಳಲ್ಲಮ್ಮ. ನಾನೇ ಕಣ್ಣಾರೆ ನೋಡಿದೆ,” ಎಂದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು.

“ಗೊತ್ತು ಮೇಡಂ,” ಎಂದಳು. “ನಾನೂ ನೋಡಿದ್ದೆ. ಪಕ್ಕದಲ್ಲೇ ಕೂತಿದ್ನಲ್ಲ. ಹೇಳೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀವು ಬೈದ್ಬಿಟ್ರಿ. ನಿಮ್ಮನ್ನ ಕಂಡ್ರೆ ಅಷ್ಟು ಭಯ ನಂಗೆ. ಆಮೇಲೆ ಅಪ್ಪನ ಮುಖ ನೋಡೋಕೆ ಆಗ್ಲಿಲ್ಲ. ಅದಕ್ಕೇ ಒಳಗೆ ಬರಬೇಡ ಅಂದಿದ್ದು.”

ಬೈದು ಬೈದು ನಾನು ಕ್ಲಾಸು ಕಟ್ಟಿದ್ದೇನೆಂದುಕೊಂಡಿದ್ದೆ. ಆ ಮಗುವಿನ ಬಾಯಿ ಕಟ್ಟಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮುದುಕರು ಎರಡೂ ಕೈಯಲ್ಲಿ ಫೋನ್ ಎತ್ತಿ ಮುಖದ ಹತ್ತಿರ ಹಿಡಿದುಕೊಂಡರು.

“ಅವ್ರಿಗೆ ಏಳ್ನಿಲ್ಲ, ಓಗ್ಲಿ ಬುಡು ಮಗ,” ಎಂದರು. “ಬಸ್ಸಲ್ಲಿ ನಂಗೊಬ್ಬನಿಗೆ ಏಳ್ಬಾರ್ದಾಗಿತ್ತಾ?”