ಮೂಲೆ ಒಲೆಯವಳ ಉಂಡೆ

ಗಂಡ ತೀರಿಕೊಂಡ ವರ್ಷ ಖಾನಾಪುರದ ಅಮೀನಾಬೀ ಬೆಳಗಾವಿಯ ಹಿಂದವಾಡಿಗೆ ರೊಟ್ಟಿ ಬಡಿಯಲು ಬಂದಳು. ಹನ್ನೊಂದು ಹೆಂಗಸರು ಕೂಡಿ ನಡೆಸುವ ಆ ರೊಟ್ಟಿ ಕೇಂದ್ರಕ್ಕೆ ಈಗ ಆರು ವರ್ಷದಿಂದ ಅವಳೇ ಮುಖ್ಯಸ್ಥೆ. ಐವರು ಮರಾಠಿ ಮನೆಯವರು, ನಾಲ್ವರು ಲಿಂಗಾಯತರು, ಉಳಿದಂತೆ ಅವಳು ಮತ್ತು ಅವಳ ತಂಗಿಯ ಮಗಳು ಸಿಮ್ರನ. ಅಲ್ಲಿ ಜಗಳ ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ನಡುವೆ ಅಮೀನಾಬೀ ಉರ್ದುವಿನಲ್ಲಿ ಗದರಿದರೆ ಎಲ್ಲರಿಗೂ ತಿಳಿಯುತ್ತದೆ.

ಈ ಸಲ ಮುಖ್ಯಸ್ಥೆಯ ಆಯ್ಕೆಯಲ್ಲಿ ಮೊದಲ ಬಾರಿಗೆ ಮರಾಠಿಯವರ ಪೂರ್ಣಿಮಾ ಅವಳೆದುರು ನಿಂತಳು. ಚೀಟಿ ಬರೆಸಿದರೆ ಕನ್ನಡ, ಮರಾಠಿ ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗುತ್ತದೆ. ಅದಕ್ಕೇ ಲಿಂಗಾಯತರಲ್ಲಿ ಹಿರಿಯಳಾದ ಕಾಶವ್ವ ಒಂದು ಉಪಾಯ ಹೂಡಿದಳು. ಒಬ್ಬೊಬ್ಬಳೂ ಜೋಳದ ಹಿಟ್ಟಿನ ಒಂದು ಉಂಡೆ ಕಟ್ಟಿ, ಒಳಗೆ ಹೋಗಿ, ಬಟ್ಟೆ ಮುಚ್ಚಿದ ಎರಡು ಬುಟ್ಟಿಗಳಲ್ಲಿ ಬೇಕಾದವಳ ಬುಟ್ಟಿಗೆ ಹಾಕಿ ಬರಬೇಕು. ನಿಂತ ಇಬ್ಬರು ಹಾಕುವಂತಿಲ್ಲ.

ಅಮೀನಾಬೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪೂರ್ಣಿಮಾಗೆ ಅವಳವರ ನಾಲ್ಕು ಖಂಡಿತ. ಕಾಶವ್ವನ ಕಡೆಯದು ಒಂದು ಆಚೆ ಹೋದರೂ ತಾನು ಸೋತೆ. ತನ್ನದೆಂದು ನಂಬಬಹುದಾದದ್ದು ಸಿಮ್ರನಳದೊಂದೇ. ಕೇಂದ್ರದ ಕೀಲಿಕೈ ಒಪ್ಪಿಸಲು ಸೆರಗಿನ ಗಂಟು ಬಿಚ್ಚಿಟ್ಟುಕೊಂಡೇ ಕುಳಿತಳು.

ಕಾಶವ್ವ ಬಟ್ಟೆ ಸರಿಸಿದಳು. ಅಮೀನಾಬೀಗೆ ಎಂಟು! ಪೂರ್ಣಿಮಾಗೆ ಒಂದೇ ಒಂದು.

“ಅಗಾಗಾ! ಗೆದ್ದು ಬರತೇನಿ ಅಂತ ನಮ್ಮತ್ತಿಗಿ ಹೇಳಿ ಬಂದೀನಲ್ಲ,” ಎಂದು ಪೂರ್ಣಿಮಾ ತಾನೇ ನಕ್ಕಳು.

ಅಮೀನಾಬೀ ನಗಲಿಲ್ಲ. ಅವಳ ಕಣ್ಣು ಆ ಒಂಟಿ ಉಂಡೆಯ ಮೇಲೆ ನೆಟ್ಟಿತ್ತು. ಅದರ ನಡುವೆ ಹೆಬ್ಬೆರಳಿನ ಕುಳಿ. ಹಿಟ್ಟು ಬಿರಿಯದಿರಲೆಂದು ಹಾಗೆ ಒತ್ತುವುದನ್ನು ಅವಳು ಕಲಿಸಿದ್ದು ಒಬ್ಬಳಿಗೇ.

“ಇದು ನಿಂದಾ?”

“ಹೌದು ಖಾಲಾ,” ಎಂದಳು ಸಿಮ್ರನ.

ಕಾಶವ್ವ ಹಣೆ ಬಡಿದುಕೊಂಡಳು. “ಅಯ್ಯ ನನ್ನ ತಲಿಗಿಷ್ಟು! ದಿನಾ ಕೂಡಿ ದುಡಿಯಾಕಿ ಕೈ ಗುರ್ತ ಉಂಡಿ ಮ್ಯಾಲೆ ಸಿಗತೈತಿ ಅಂತ ಹೊಳೀಲೇ ಇಲ್ಲಲ್ಲ!”

“ಯಾಕ ಸಿಮ್ರನ?” ಅಮೀನಾಬೀ ಕೇಳಿದಳು.

“ನಾಕು ವರ್ಷಾತು, ಹೊಗಿ ತುಂಬೂ ಮೂಲಿ ಒಲಿ ಮುಂದ ನಾ ಒಬ್ಬಾಕೀನ ಕುಂತೇನಿ. ಎಲ್ಲಾರ ಜಾಗಾ ಬದಲ ಮಾಡತಿ. ನನ್ನ ಪಾಳಿ ಬಂದ್ರ ‘ನಾಳೆ ನೋಡೂಣು’. ತನ್ನವರಿಗಷ್ಟ ಚಲೋ ಜಾಗಾ ಕೊಡತಾಳ ಅಂತ ಯಾರರೆ ಅಂದಾರು ಅಂತ ನಿನಗ ಅಂಜಿಕಿ. ಪೂರ್ಣಿಮಾ ಅಕ್ಕಾಗ ನಾ ಏನೂ ಆಗಬೇಕಿಲ್ಲ. ಆಕಿ ಆರಿಸಿ ಬಂದಿದ್ರ ನನಗೂ ಕಿಡಕಿ ಬಾಜೂದ ಒಲಿ ಸಿಗತಿತ್ತು.”

ದಿನಾ ಸಂಜೆ ಆ ಹುಡುಗಿಯ ಕೆಂಪು ಕಣ್ಣಿಗೆ ಔಷಧ ಬಿಡುತ್ತಿದ್ದವಳು ಅಮೀನಾಬೀಯೇ. ನೆಹರು ನಗರದ ಡಾಕ್ಟರು ಹೊಗೆ ಬಿಡಿಸಿರೆಂದಾಗ ತಲೆಯಾಡಿಸಿ ಬಂದವಳೂ ಅವಳೇ.

ಆ ಉಂಡೆ ಎತ್ತಿಕೊಂಡು ಮೂಲೆ ಒಲೆಯ ಮುಂದೆ ಹೋಗಿ ಕುಳಿತಳು. “ಇವತ್ತ ಇಲ್ಲಿ ನಾನು. ನಾಳೆ ಕಾಶವ್ವ.”

“ನಾನಾ? ನನಗ ವಯಸ್ಸಾಗೇತಿ!”

“ಬುಟ್ಟಿ, ಉಂಡಿ ಅಂತ ಓಡ್ಯಾಡೂ ಮುಂದ ಇರಲಿಲ್ಲೇನು ವಯಸ್ಸು?”

ಅಮೀನಾಬೀ ಉಂಡೆ ನಾದಿ ಬಡಿಯತೊಡಗಿದಳು. ಹೊಗೆ ಮುಖಕ್ಕೇ ನುಗ್ಗಿತು. ಎಂದೂ ಹರಿಯದ ಅವಳ ರೊಟ್ಟಿ ಅಂಚಿನಲ್ಲಿ ಹರಿಯಿತು.

ಕಿಟಕಿಯ ಒಲೆಗೆ ಬಂದು ಕುಳಿತ ಸಿಮ್ರನ ಮೆಲ್ಲಗೆ ಹೇಳಿದಳು: “ಅಲ್ಲಿ ಕಣ್ಣಿಗೆ ಕಾಣೂದಿಲ್ಲ ಖಾಲಾ. ಕೈಲೇ ನೋಡಬೇಕು.”