ಹನ್ನೆರಡು ಕುರ್ಚಿ, ಒಂದೇ ತಪ್ಪು

ನನ್ನ ನಾದಿನಿಗೆ ಊರಲ್ಲೆಲ್ಲ ಬೆತ್ತದಕ್ಕ ಎಂದೇ ಹೆಸರು. ಮಕ್ಕಳಿಗೆ ಹೊಡೆಯುವ ಬೆತ್ತವಲ್ಲ. ಕುರ್ಚಿಯಲ್ಲಿ ಕೂರುವ ಜಾಗಕ್ಕೆ ಜಾಲರಿಯಂತೆ ಹೆಣೆಯುತ್ತಾರಲ್ಲ, ಆ ಬೆತ್ತ. ಬಾಯಿ ಮಾತ್ರ ಆ ಇನ್ನೊಂದು ಬೆತ್ತದ ಹಾಗೆಯೇ. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ನಮ್ಮ ಮಾವನವರು ಆಸ್ಪತ್ರೆಯದೋ ಕೋರ್ಟಿನದೋ ಕುರ್ಚಿ ಹೆಣೆಯುತ್ತಿದ್ದರೆ ಪಕ್ಕದಲ್ಲಿ ಕೂತು, ನೆನೆದ ಎಳೆಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದಳು. ಅವರು ಕಲಿಸಿದ್ದೆಲ್ಲ ಬೈಗುಳದಲ್ಲೇ. "ಹೆಣ್ಣುಮಗಳ ಬೆರಳಿಗೆ ಇದೆಲ್ಲ ಒಗ್ಗೋದಿಲ್ಲ" ಎನ್ನುತ್ತಿದ್ದವರು, ಕಣ್ಣು ಮಂಜಾದ ಮೇಲೆ ಒಂದು ದಿನ ಹೊಸ ಹೆಣಿಗೆಯ ಮೇಲೆ ಕೈಯಾಡಿಸಿ, "ಇದು ನಾನು ಹೆಣೆದದ್ದೋ, ನೀನೋ?" ಎಂದು ಕೇಳಿದರು. ಹೆಣೆದವಳು ತಾನೇ ಆದರೂ ಇವಳು "ನೀವೇ" ಎಂದಳು. ಅವತ್ತಿಗೆ ಅವಳ ಕಲಿಕೆ ಮುಗಿಯಿತು.

ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಬಂದಳು. ಗಂಡ ಬಿಟ್ಟನೋ ಇವಳೇ ಬಿಟ್ಟಳೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಎನ್ನುತ್ತಾರೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಎಂಟು ದಿನ ನನಗೆ ತಲೆ ಬಾಚಿದವಳು ಅವಳೇ.

ಅವಳಿಗೆ ಅರವತ್ತೊಂದು ತುಂಬಿದ ವರ್ಷ ಪರದೇಶದಿಂದ ಕರೆ ಬಂತು. ಅಲ್ಲಿಯ ಹಳೆಯ ಗ್ರಂಥಾಲಯವೊಂದರಲ್ಲಿ ಇನ್ನೂರು ಬೆತ್ತದ ಕುರ್ಚಿಗಳು ಹರಿದು ಬಿದ್ದಿದ್ದವಂತೆ, ಹೆಣೆಯಬಲ್ಲವರು ಒಬ್ಬರೂ ಉಳಿದಿರಲಿಲ್ಲವಂತೆ. ನಮ್ಮ ಕೋರ್ಟಿನ ವರಾಂಡದಲ್ಲಿ ಇವಳ ಕೆಲಸ ನೋಡಿಹೋಗಿದ್ದ ಆ ಊರಿನ ಬಡಗಿಯೊಬ್ಬ ಅಲ್ಲಿ ಹೇಳಿದ್ದ. ಐದು ದಿನದ ಕಮ್ಮಟ. ಹನ್ನೆರಡು ಜನರಿಗೆ ಕಲಿಸಬೇಕು. ಉಳಿದ ಕುರ್ಚಿಗಳನ್ನು ಆಮೇಲೆ ಅವರೇ ಹೆಣೆದುಕೊಳ್ಳುತ್ತಾರೆ.

"ಅತ್ತಿಗೆ ಬಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಹಟ ಹಿಡಿದಳು.

"ನಾನು ಬಂದು ಏನು ಕಡಿದು ಕಟ್ಟೆ ಹಾಕ್ಲೇ?"

"ಬೆತ್ತ ನೆನೆಹಾಕಿ. ಮಾತಾಡ್ತಾ ಇರಿ. ಅದನ್ನೇನು ನಿಮಗೆ ಕಲಿಸಬೇಕಾಗಿಲ್ಲ."

ಹೋದೆವು. ಆ ಕೋಣೆಯನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ನಾಲ್ಕಾಳು ಎತ್ತರದ ಕಿಟಕಿಗಳು. ನನ್ನ ಪಾದ ನನಗೇ ಕಾಣುವಷ್ಟು ಉಜ್ಜಿದ ನೆಲ. ಗೋಡೆಯ ಗಡಿಯಾರಕ್ಕೂ ಸದ್ದಿಲ್ಲ. ಹನ್ನೆರಡು ಕುರ್ಚಿಗಳ ಹಿಂದೆ ಹನ್ನೆರಡು ಜನ ಕೈಕಟ್ಟಿ ನಿಂತಿದ್ದರು. ಅವರಲ್ಲಿ ಬಸ್ಸು ಓಡಿಸುವ ದಪ್ಪನೆಯ ಹೆಂಗಸೊಬ್ಬಳು, ಬ್ರೆಡ್ಡು ಸುಡುವವನೊಬ್ಬ, ಲಿಫ್ಟು ರಿಪೇರಿ ಮಾಡಿ ನಿವೃತ್ತನಾದ ಮುದುಕನೊಬ್ಬ. ಅವನಿಗೆ ನಾನು ಲಿಫ್ಟಜ್ಜ ಎಂದು ಹೆಸರಿಟ್ಟೆ. ನಮ್ಮ ಊರಲ್ಲಿ ಹತ್ತು ವರ್ಷ ಕೆಲಸ ಮಾಡಿ ನಮ್ಮ ಮಾತು ಕಲಿತಿದ್ದ ನರ್ಸಮ್ಮ ಒಬ್ಬರು ದುಭಾಷಿ.

ಬೆತ್ತದಕ್ಕ ಕೂರುವ ತನಕ ಯಾರೂ ಕೂರಲಿಲ್ಲ. ಅವಳು ಮಾತಾಡುವಾಗ ಯಾರೂ ಕೆಮ್ಮಲೂ ಇಲ್ಲ. "ತಿಳೀತಾ?" ಎಂದರೆ ಹನ್ನೆರಡು ತಲೆಗಳು ಒಟ್ಟಿಗೆ ಆಡಿದವು. ಕಲಿಸುವವರ ಮಾತಿಗೆ ಅಡ್ಡ ಬರುವುದು ಅಲ್ಲಿ ಮಹಾ ತಪ್ಪಂತೆ. ನಮ್ಮಲ್ಲಿ ಕುರ್ಚಿ ಹೆಣೆಯಲು ಕೂತರೆ ದಾರಿಹೋಕನೂ ನಿಂತು, "ಅದು ಹಂಗಲ್ಲಕ್ಕಾ, ಹಿಂಗೆ" ಎಂದು ಬುದ್ಧಿ ಹೇಳಿ ಹೋಗುತ್ತಾನೆ. ಅವಳು ಐವತ್ತು ವರ್ಷ ಆ ಗದ್ದಲದಲ್ಲೇ ಹೆಣೆದವಳು. ಈ ಮೌನದಲ್ಲಿ ಎಳೆಯೆಳೆಗೂ ತಲೆಯೆತ್ತಿ ಅವರ ಮುಖ ನೋಡುತ್ತಿದ್ದಳು.

ಆರು ಸಲ ಎಳೆ ಹಾಯಿಸಬೇಕು. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ನಾಲ್ಕನೆಯದು ಅಡ್ಡ ಹೋಗುವಾಗ ಒಂದರ ಮೇಲೆ, ಒಂದರ ಕೆಳಗೆ ನುಸುಳಬೇಕು. ಕೊನೆಯ ಎರಡು ಓರೆ. ಎರಡನೆಯ ದಿನ ನಾಲ್ಕನೆಯದನ್ನು ಹಾಕಿ ತೋರಿಸುತ್ತಿದ್ದಾಗ ನಾನು ಸುಮ್ಮನಿರಲಾರದೆ, "ನೋಡೇ, ಆ ಲಿಫ್ಟಜ್ಜ ಕಣ್ಣೇ ಮಿಟುಕಿಸ್ತಾ ಇಲ್ಲ. ಜೀವ ಇದೆಯೋ ಇಲ್ವೋ!" ಎಂದೆ. ಅವಳು ಕಿಸಕ್ಕನೆ ನಕ್ಕಳು.

ಮೂರನೆಯ ದಿನ ಮಧ್ಯಾಹ್ನ ಅವಳು ಮೊದಲ ಓರೆ ಎಳೆಯನ್ನು ಎಳೆದಳು. ಸರ್ರನೆ ಜಾರಬೇಕಾದದ್ದು ನಡುವೆ ಕಚ್ಚಿಕೊಂಡಿತು. ಉಗುರು ಆಡಿಸಿ ನೋಡಿದಳು, ಮುಖ ಬಿಳಿಚಿಕೊಂಡಿತು. ಎಲ್ಲರನ್ನೂ ಟೀಗೆ ಕಳಿಸುವಂತೆ ನರ್ಸಮ್ಮನಿಗೆ ಹೇಳಿದಳು. ನಾಲ್ಕನೆಯ ಸಲ ಹಾಯಿಸಿದ್ದರ ಏಳನೆಯ ಸಾಲಿನಲ್ಲಿ ಮೇಲೆ ಹೋಗಬೇಕಾದ ಕಡೆಯಲ್ಲೆಲ್ಲ ಕೆಳಗೆ ಹೋಗಿತ್ತು. ನಾನು ನಗಿಸಿದ ಸಾಲು.

ಖಾಲಿ ಕೋಣೆಯಲ್ಲಿ ಒಂದೊಂದೇ ಕುರ್ಚಿಯ ಮುಂದೆ ಬಗ್ಗಿದೆವು. ಬಸ್ಸಿನವಳದ್ದು, ಏಳನೆಯ ಸಾಲು. ಬ್ರೆಡ್ಡಿನವನದ್ದು, ಏಳನೆಯ ಸಾಲು. ಹನ್ನೆರಡರಲ್ಲೂ ಅದೇ ಜಾಗ, ಅದೇ ತಪ್ಪು, ಅಚ್ಚು ಹಾಕಿದ ಹಾಗೆ. ಒಬ್ಬಳ ಕೈಯನ್ನು ಇಷ್ಟು ನಂಬುವುದುಂಟೆ!

"ಬಿಡೇ. ಯಾರಿಗೆ ಗೊತ್ತಾಗುತ್ತೆ? ಎಳೆ ಸ್ವಲ್ಪ ಬಲವಾಗಿ ಎಳಿ, ಕೂತ್ಕೊಳುತ್ತೆ" ಎಂದೆ.

"ಕೂತ್ಕೊಳುತ್ತೆ. ಮೂರು ವರ್ಷಕ್ಕೆ ಒಂದನ್ನೊಂದು ಉಜ್ಜಿ ಹರಿಯುತ್ತೆ. ಇವರು ಇನ್ನೂರು ಕುರ್ಚಿಗೂ ಹಿಂಗೇ ಹಾಕ್ತಾರೆ ಅತ್ತಿಗೆ. ಆಮೇಲೆ ತಮ್ಮ ಮಕ್ಕಳಿಗೂ ಇದನ್ನೇ ಕಲಿಸ್ತಾರೆ. ನಾವು ಸತ್ತ ಮೇಲೂ ಇಲ್ಲಿ ಉಳಿಯೋದು ಇದೇ."

"ಹೇಳಿದ್ರೆ ನಿನ್ನ ಮರ್ಯಾದೆ?"

"ಬಾಯಿ ಮುಚ್ಚಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಟೀ ಮುಗಿಸಿ ಅವರು ಬಂದು ನಿಂತರು. ಇವಳು ಕೂರಲಿಲ್ಲ. "ನರ್ಸಮ್ಮ, ಸರಿಯಾಗಿ ಹೇಳಿ. ನಾನು ತಪ್ಪು ಹೆಣೆದು ತೋರಿಸ್ದೆ. ಏಳನೇ ಸಾಲಿಂದ ಮುಂದಕ್ಕೆಲ್ಲ ಕತ್ತರಿಸಬೇಕು. ತಪ್ಪು ನಂದು, ಇವರದ್ದಲ್ಲ."

ನರ್ಸಮ್ಮ ಹೇಳಿದರು. ಲಿಫ್ಟಜ್ಜ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಎರಡೂ ಕೈಯಿಂದ ಚಾಚಿದ. ಅದರಲ್ಲಿ ಹೆಣಿಗೆಯ ಚಿತ್ರ ಗೆರೆ ಗೆರೆಯಾಗಿ ಬರೆದಿತ್ತು, ಏಳನೆಯ ಸಾಲಿನ ಸುತ್ತ ಕೆಂಪು ಪೆನ್ಸಿಲಿನ ಗುರುತು.

"ನಿನ್ನೇನೇ ನೋಡಿದ್ರಂತೆ. ಒಬ್ಬರಲ್ಲ, ಎಲ್ಲರೂ" ಎಂದರು ನರ್ಸಮ್ಮ, ದನಿ ತಗ್ಗಿಸಿ. "ಬೇರೆ ಸಾಲಿನ ಹಾಗಿಲ್ಲವಲ್ಲ, ಇದು ನಿಮ್ಮ ತಂದೆಯ ಮನೆತನದ ಗುರುತೇ ಇರಬೇಕು ಅಂದ್ಕೊಂಡ್ರಂತೆ. ತಪ್ಪದೆ ಹಾಕೋಕೆ ಬಹಳ ಕಷ್ಟಪಟ್ರಂತೆ. ಕತ್ತರಿಸೋಕೆ ಮನಸ್ಸು ಬರ್ತಿಲ್ಲ ಅಂತಾರೆ."

ಬೆತ್ತದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೂ ತಿಳಿಯಲಿಲ್ಲ. "ನಮ್ಮಪ್ಪ ಇದ್ದಿದ್ರೆ ಈ ಗುರುತಿಗೆ ನನ್ನ ಬೆನ್ನ ಮೇಲೆ ಗುರುತು ಹಾಕ್ತಿದ್ರು ಅಂತ ಹೇಳಿ" ಎಂದವಳೇ ಕತ್ತರಿ ತೆಗೆದು ತನ್ನ ಕುರ್ಚಿಯನ್ನು ಮೊದಲು ಕತ್ತರಿಸಿದಳು. ಟಕ್ ಟಕ್ ಎಂದು ಎಳೆಗಳು ಉದುರಿದವು. ಲಿಫ್ಟಜ್ಜ ಕೈ ಚಾಚಿ ಕತ್ತರಿ ಕೇಳಿದ. ಅವನ ನಂತರ ಬಸ್ಸಿನವಳು. ಮೂರು ದಿನ ಬೆರಳು ಸೀಳಿಕೊಂಡು ಹಾಕಿದ್ದನ್ನು ಹನ್ನೆರಡು ಜನ ಒಬ್ಬೊಬ್ಬರಾಗಿ ಕತ್ತರಿಸಿದರು. ಒಂದು ನಿಟ್ಟುಸಿರಿಲ್ಲ, ಒಂದು ಗೊಣಗಾಟವಿಲ್ಲ. ಅಂಥದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಇನ್ಮೇಲೆ ಒಂದು ಕರಾರು" ಎಂದಳು. "ನನ್ನ ಕೈ ತಪ್ಪಿದ್ದು ಕಂಡರೆ ಬಾಯಿ ಬಿಡಬೇಕು. ಬಿಡದವರಿಗೆ ಬೆತ್ತ ಕೊಡಲ್ಲ."

ನಾಲ್ಕನೆಯ ದಿನವೂ ಯಾರೂ ಬಾಯಿ ಬಿಡಲಿಲ್ಲ. ಐದನೆಯ ದಿನ ಮಧ್ಯಾಹ್ನ ಅವಳು ಕೊನೆಯ ಓರೆ ಎಳೆಗಳನ್ನು ಇಳಿಸಿ ತೋರಿಸುತ್ತಿದ್ದಾಗ ಲಿಫ್ಟಜ್ಜ ಎದ್ದು ನಿಂತ. ಕಿವಿಯ ತನಕ ಕೆಂಪಾಗಿದ್ದ. ಏನೋ ತೊದಲಿದ.

"ಅಲ್ಲಿ ತಪ್ಪಿದೆಯೇನೋ ಅಂತಾರೆ" ಎಂದರು ನರ್ಸಮ್ಮ.

ಬೆತ್ತದಕ್ಕ ಬಗ್ಗಿ ಉಗುರು ಆಡಿಸಿದಳು. "ಇಲ್ಲ ಅಣ್ಣಯ್ಯ. ಮೂಲೇಲಿ ಎರಡು ಎಳೆ ಒಂದೇ ತೂತಿಗೆ ಇಳೀಬೇಕು, ಅದು ಸರಿನೇ. ಆದ್ರೂ ಕೇಳಿದ್ರಲ್ಲ, ನನ್ನ ಹೊಟ್ಟೆ ತಣ್ಣಗಾಯ್ತು."

ನರ್ಸಮ್ಮ ಅದನ್ನು ಹೇಳಿ ಮುಗಿಸುವ ಮೊದಲೇ ಬಸ್ಸಿನವಳು ಏನೋ ಕೇಳಿದಳು. ಬ್ರೆಡ್ಡಿನವನು ತನ್ನ ಕುರ್ಚಿಯನ್ನೇ ಎತ್ತಿಕೊಂಡು ಬಂದ. ಕಟ್ಟೆ ಒಡೆದ ಹಾಗಾಯಿತು. "ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ!" ಎಂದು ನರ್ಸಮ್ಮ ಎರಡೂ ಭಾಷೆಯಲ್ಲಿ ಕೂಗಿ ಸೋತು ಕೂತರು. ಆಮೇಲೆ ಅವರ ಹಂಗೂ ಬೇಕಾಗಲಿಲ್ಲ. ಬೆತ್ತದಕ್ಕ ನಮ್ಮ ಮಾತಲ್ಲಿ ಬೈಯುತ್ತಿದ್ದಳು, ಅವರು ತಮ್ಮ ಮಾತಲ್ಲಿ ವಾದಿಸುತ್ತಿದ್ದರು, ಬೆರಳುಗಳು ಹೇಗೋ ಒಪ್ಪಂದಕ್ಕೆ ಬರುತ್ತಿದ್ದವು. ಕೋಣೆ ನಮ್ಮ ಕೋರ್ಟಿನ ವರಾಂಡವಾಗಿಹೋಗಿತ್ತು. ಅವಳು ಎಳೆಯೆಳೆಗೂ ತಲೆಯೆತ್ತಿ ನೋಡುವುದು ನಿಂತಿದ್ದನ್ನು ನಾನು ಆಗ ಗಮನಿಸಿದೆ.

ಕಮ್ಮಟ ಮುಗಿಯುವ ಹೊತ್ತಾದರೂ ಯಾರೂ ಏಳಲಿಲ್ಲ. ಹನ್ನೊಂದು ಕುರ್ಚಿ ಮುಗಿದು ಒಂದು ಉಳಿದಿತ್ತು. ಎಲ್ಲರೂ ಅದನ್ನೇ ಮುತ್ತಿಕೊಂಡರು. ಅದರ ಕೊನೆಯ ಎಳೆ ಎಳೆದದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಕೈಗಳಿದ್ದವು ಅದರ ಮೇಲೆ.